ಟಿವಿ ಅಂಗಡಿಯ ಹುಡುಗ ಹೇಳಿದ್ದು ನಿಜಾನಾ?

ಪ್ರಶ್ನೆ: ಸರ್, ನಮ್ಮದು ಹೊಸನಗರ ತಾಲ್ಲೂಕು, ಅಡಿಕೆ ತೋಟ ಇದೆ. ಹೋದ ತಿಂಗಳು ಶಿವಮೊಗ್ಗದಲ್ಲಿ ಹೊಸ ಟಿವಿ ತಗೊಂಡೆವು. ಅಂಗಡಿಯ ಹುಡುಗ, "ಇದರಲ್ಲಿ ಕ್ವಾಂಟಮ್ ಡಾಟ್ ಇದೆ ಸರ್, ವಸ್ತು ಒಂದೇ, ಸೈಜ್ ಬದಲಾದ್ರೆ ಬಣ್ಣನೇ ಬದಲಾಗುತ್ತೆ" ಅಂದ. ಸುಮ್ನೆ ವ್ಯಾಪಾರದ ಮಾತು ಅಂತ ನಕ್ಕೆ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿರುವ ಮಗಳು "ಅಪ್ಪಾ, ಅದು ನಿಜ" ಅಂತಾಳೆ. ಬೇಕಾದ ಬಣ್ಣ, ಬೇಕಾದ ಕರೆಂಟಿನ ಗುಣ ಇರುವ ವಸ್ತುಗಳನ್ನು ಅಣುವಿನ ಮಟ್ಟದಲ್ಲೇ ಡಿಸೈನ್ ಮಾಡುತ್ತಾರಂತೆ, ಮುಂದೆ ಅದನ್ನೇ ಓದುತ್ತಾಳಂತೆ. ಗಾತ್ರಕ್ಕೂ ಬಣ್ಣಕ್ಕೂ ಏನು ಸಂಬಂಧ? ಕಣ್ಣಿಗೆ ಕಾಣದ್ದನ್ನು ಕೂತು ಡಿಸೈನ್ ಮಾಡಲು ಆಗುತ್ತದಾ, ಇಲ್ಲ ಅದೃಷ್ಟಕ್ಕೆ ಸಿಗುವುದಾ? ಈ ಟಿವಿಗಳಲ್ಲಿ ವಿಷ ಇರುತ್ತದೆ ಅಂತಲೂ ಯಾರೋ ಹೇಳಿದರು.

ಉತ್ತರ: ಅಂಗಡಿಯ ಹುಡುಗ ಸುಳ್ಳು ಹೇಳಿಲ್ಲ. ನೀವು ನಕ್ಕಿದ್ದರಲ್ಲೂ ತಪ್ಪಿಲ್ಲ. ಐದು ಪವನಿನ ಸರವೂ ಹಳದಿ, ಮೂಗುಬೊಟ್ಟೂ ಹಳದಿ. ಚಿಕ್ಕದು ಮಾಡಿದ ಮಾತ್ರಕ್ಕೆ ಚಿನ್ನ ಬಣ್ಣ ಬಿಡುವುದಿಲ್ಲ, ಅಲ್ವಾ? ಆದರೆ ಅರ್ಧ, ಅರ್ಧದಲ್ಲಿ ಅರ್ಧ ಅಂತ ಕತ್ತರಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಈ ನಿಯಮ ಕೈಕೊಡುತ್ತದೆ. ಆ ಜಾಗ ಇರುವುದು ನ್ಯಾನೋಮೀಟರ್‌ಗಳ ಲೆಕ್ಕದಲ್ಲಿ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್.

ಯಾಕೆ ಹೀಗೆ ಅಂತ ತಿಳಿಯಬೇಕಾದರೆ ನಲ್ಲಿಯ ಕೆಳಗೆ ಒಂದು ಕೊಡ ಇಡಿ. ಮೊದಲು ಸದ್ದು ದಪ್ಪಗಿರುತ್ತದೆ. ನೀರು ಏರಿದಂತೆ ಸ್ವರ ಸಣ್ಣಗಾಗುತ್ತಾ ಹೋಗುತ್ತದೆ. ಜಗಲಿಯಲ್ಲಿ ಕೂತವರಿಗೂ "ಕೊಡ ತುಂಬಿತು, ನಲ್ಲಿ ನಿಲ್ಲಿಸಿ" ಅಂತ ಹೇಳಲು ಬರುತ್ತದೆ. ನೀರೂ ಅದೇ, ಕೊಡವೂ ಅದೇ. ಬದಲಾಗಿದ್ದು ಒಳಗಿನ ಗಾಳಿಗೆ ಉಳಿದ ಜಾಗ. ಜಾಗ ಕಡಿಮೆಯಾದಷ್ಟೂ ಸ್ವರ ಮೇಲಕ್ಕೆ.

ಎಲೆಕ್ಟ್ರಾನ್ ಕೂಡ ಅಲೆಯಂತೆ ನಡೆದುಕೊಳ್ಳುತ್ತದೆ. ದೊಡ್ಡ ಹರಳಿನಲ್ಲಿ ಅದಕ್ಕೆ ಬೇಕಾದಷ್ಟು ಜಾಗ. ಹರಳನ್ನು ಕೆಲವೇ ನ್ಯಾನೋಮೀಟರಿಗೆ ಇಳಿಸಿದರೆ (ಅಂಥ ಹರಳೇ ಕ್ವಾಂಟಮ್ ಡಾಟ್) ಆ ಅಲೆ ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಇಕ್ಕಟ್ಟು ಹೆಚ್ಚಿದಷ್ಟೂ ಅದರ ಶಕ್ತಿ ಹೆಚ್ಚು. ಆ ಶಕ್ತಿ ಬೆಳಕಾಗಿ ಹೊರಬಂದಾಗ, ಕಡಿಮೆ ಶಕ್ತಿಯ ಬೆಳಕು ಕೆಂಪು, ಜಾಸ್ತಿ ಶಕ್ತಿಯದು ನೀಲಿ. ಕೊಡಕ್ಕಿಂತ ಇಲ್ಲಿ ಏರಿಕೆ ಜೋರು. ಕೊಳಲಿನಂಥ ಕೊಳವೆಯ ಉದ್ದ ಅರ್ಧವಾದರೆ ಸ್ವರ ಎರಡು ಪಟ್ಟು ಏರುತ್ತದೆ. ಹರಳಿನ ಅಗಲ ಅರ್ಧವಾದರೆ ಇಕ್ಕಟ್ಟಿನಿಂದ ಬರುವ ಶಕ್ತಿ ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಗಾತ್ರದಲ್ಲಿ ಒಂದೆರಡು ಪರಮಾಣುಗಳಷ್ಟು ಹೆಚ್ಚುಕಮ್ಮಿಯಾದರೂ ಬಣ್ಣದಲ್ಲಿ ಗೊತ್ತಾಗಿಬಿಡುತ್ತದೆ.

ಈ ವಿದ್ಯೆಯಲ್ಲಿ ಎಲ್ಲರೂ ಮೊದಲು ಕೈಯಾಡಿಸುವ ವಸ್ತು ಕ್ಯಾಡ್ಮಿಯಂ ಸೆಲೆನೈಡ್. ದೊಡ್ಡ ಗಟ್ಟಿಯಾಗಿದ್ದಾಗ ಕಪ್ಪುಗೆಂಪು. 6 ನ್ಯಾನೋಮೀಟರಿನ ಕಣವಾದರೆ ಕೆಂಪು ಬೆಳಕು ಕೊಡುತ್ತದೆ. ಸಣ್ಣದಾಗುತ್ತಾ ಹೋದಂತೆ ಕಿತ್ತಳೆ, ಹಳದಿ, ಹಸಿರು. 2 ನ್ಯಾನೋಮೀಟರಿಗೆ ಬಂದರೆ ನೀಲಿ. ಲೆಕ್ಕ ಹಾಕಿದರೆ 6 ನ್ಯಾನೋಮೀಟರಿನ ಉಂಡೆಯಲ್ಲಿ ಸುಮಾರು 4 ಸಾವಿರ ಪರಮಾಣುಗಳಿರುತ್ತವೆ, 2 ನ್ಯಾನೋಮೀಟರಿನದರಲ್ಲಿ ಸುಮಾರು 150. ಕೆಂಪಿನಿಂದ ನೀಲಿಯವರೆಗಿನ ಇಡೀ ಕಾಮನಬಿಲ್ಲು ಈ ಎರಡರ ನಡುವೆ ಇದೆ.

ಇದನ್ನು ಮೊದಲು ಕಂಡವರು ಇಬ್ಬರು, ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಿರಲಿಲ್ಲ. ಸೋವಿಯತ್ ಒಕ್ಕೂಟದಲ್ಲಿ ಅಲೆಕ್ಸಿ ಎಕಿಮೋವ್ ಬಣ್ಣದ ಗಾಜನ್ನು ಅಭ್ಯಾಸ ಮಾಡುತ್ತಿದ್ದರು. ತಾಮ್ರದ ಕ್ಲೋರೈಡ್ ಬೆರೆಸಿದ ಗಾಜನ್ನು 500ರಿಂದ 700 ಡಿಗ್ರಿಯಲ್ಲಿ, ಒಮ್ಮೆ ಒಂದು ಗಂಟೆ, ಒಮ್ಮೆ 96 ಗಂಟೆ, ಹೀಗೆ ಬೇರೆಬೇರೆ ಹೊತ್ತು ಕಾಯಿಸಿದರು. ಗಾಜಿನೊಳಗೆ ಬೆಳೆದ ಹರಳು ಸಣ್ಣದಾದಷ್ಟೂ ಅದು ನುಂಗುವ ಬೆಳಕು ನೀಲಿಯ ಕಡೆಗೆ ಸರಿಯುತ್ತಿತ್ತು. ಇದು 1981ರಲ್ಲಿ ಪ್ರಕಟವಾಯಿತು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಲೂಯಿ ಬ್ರೂಸ್ ನೀರಿನಂಥ ದ್ರಾವಣದಲ್ಲಿ ಕ್ಯಾಡ್ಮಿಯಂ ಸಲ್ಫೈಡ್ ಕಣಗಳನ್ನು ಮಾಡಿ ಮೇಜಿನ ಮೇಲೆ ಬಿಟ್ಟಿದ್ದರು. ಒಂದು ದಿನ ಕಳೆದು ನೋಡಿದರೆ ಅದರ ಬೆಳಕಿನ ಗುಣವೇ ಬೇರೆ. ಕಣಗಳು ಸದ್ದಿಲ್ಲದೆ ಬೆಳೆದುಬಿಟ್ಟಿದ್ದವು. ಅದು ಪ್ರಕಟವಾದದ್ದು 1983ರಲ್ಲಿ. ಬ್ರೂಸ್ ಹತ್ತಿರ ಕೆಲಸ ಕಲಿತ ಮೌಂಗಿ ಬವೆಂಡಿ, ಅಮೆರಿಕದ ಎಂಐಟಿಯಲ್ಲಿ 1993ರಲ್ಲಿ, ಕಣಗಳನ್ನು ಒಂದೇ ಗಾತ್ರಕ್ಕೆ ತರುವ ದಾರಿ ಹುಡುಕಿದರು. 2023ರ ರಸಾಯನಶಾಸ್ತ್ರದ ನೊಬೆಲ್ ಈ ಮೂವರಿಗೆ ಬಂತು.

ನನ್ನ ಮಟ್ಟಿಗೆ ಮೂರನೆಯವರದೇ ದೊಡ್ಡ ಕೆಲಸ. ಯಾಕೆ ಅಂತ ನಿಮಗೆ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ. ಒಂದೇ ತೋಟ, ಒಂದೇ ಮರ, ಒಂದೇ ಅಡಿಕೆ. ಹದ ನೋಡಿ ಕೊಯ್ದರೆ ಹಸ, ಹದ ಮೀರಿದರೆ ಗೊರಬಲು. ಮಂಡಿಯಲ್ಲಿ ಎರಡರ ರೇಟೂ ಬೇರೆ. ಎಲ್ಲವನ್ನೂ ಬೆರೆಸಿ ತಂದರೆ ಯಾರೂ ಹಸದ ಬೆಲೆ ಕೊಡುವುದಿಲ್ಲ. ಇಲ್ಲೂ ಹಾಗೇ. ಸೀಸೆಯಲ್ಲಿ 3 ನ್ಯಾನೋಮೀಟರಿನವೂ 5 ನ್ಯಾನೋಮೀಟರಿನವೂ ಬೆರೆತಿದ್ದರೆ ಹಸಿರೂ ಅಲ್ಲದ ಕೆಂಪೂ ಅಲ್ಲದ ಕೊಳಕು ಬೆಳಕು ಬರುತ್ತದೆ. ಕೋಟಿ ಕೋಟಿ ಕಣಗಳೂ ಒಂದೇ ಅಳತೆಗೆ ಬರಬೇಕು. ಅವು ಬೆಳೆಯುತ್ತಿರುವುದೋ ಕುದಿಯುವ ದ್ರವದೊಳಗೆ, ಕೈಗೆ ಸಿಗುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ.

ಬವೆಂಡಿಯವರ ಉಪಾಯ ಒಗ್ಗರಣೆಯ ಉಪಾಯ. ಎಣ್ಣೆ ಚೆನ್ನಾಗಿ ಕಾದ ಮೇಲೆ ಸಾಸಿವೆಯನ್ನು ಒಟ್ಟಿಗೇ ಹಾಕಿದರೆ ಎಲ್ಲವೂ ಒಟ್ಟಿಗೇ ಸಿಡಿಯುತ್ತವೆ. ಸ್ವಲ್ಪ ಸ್ವಲ್ಪವಾಗಿ ಹಾಕಿದರೆ ಮೊದಲು ಬಿದ್ದದ್ದು ಕರಟುತ್ತದೆ, ಕೊನೆಗೆ ಬಿದ್ದದ್ದು ಹಸಿ ಉಳಿಯುತ್ತದೆ. ಅವರೂ ಸುಮಾರು 300 ಡಿಗ್ರಿಗೆ ಕಾದ ದ್ರವಕ್ಕೆ ತಣ್ಣಗಿನ ಕಚ್ಚಾ ರಾಸಾಯನಿಕವನ್ನು ಸಿರಿಂಜಿನಿಂದ ಒಂದೇ ಏಟಿಗೆ ಹಾರಿಸಿದರು. ಆ ಕ್ಷಣದಲ್ಲಿ ಎಲ್ಲ ಮೊಳಕೆಗಳೂ ಒಟ್ಟಿಗೆ ಹುಟ್ಟುತ್ತವೆ. ತಣ್ಣಗಿನದು ಬಿದ್ದದ್ದರಿಂದ ಬಿಸಿ ಇಳಿಯುತ್ತದೆ, ಹೊಸ ಮೊಳಕೆ ಹುಟ್ಟುವುದು ನಿಲ್ಲುತ್ತದೆ. ಆಮೇಲೆ ನಿಧಾನಕ್ಕೆ ಮತ್ತೆ ಕಾಯಿಸಿದರೆ ಹುಟ್ಟಿದವು ಮಾತ್ರ ಸರಿಸಮನಾಗಿ ಬೆಳೆಯುತ್ತವೆ. ಬೇಕಾದ ಬಣ್ಣಕ್ಕೆ ಬಂದಾಗ ತಣ್ಣಗೆ ಮಾಡಿದರೆ ಮುಗಿಯಿತು. ಕೊನೆಗಾರ ಮರ ಹತ್ತುವ ದಿನ ಗೊತ್ತುಮಾಡಿದ ಹಾಗೆ.

ಹೇಳುವುದು ಸುಲಭ. ನನ್ನ ಪಿಎಚ್.ಡಿ.ಯ ಎರಡನೇ ವರ್ಷ ಇದೇ ಕೆಲಸದಲ್ಲಿ ಕೈ ಸುಟ್ಟುಕೊಂಡಿದ್ದೇನೆ. ಬೆಳಿಗ್ಗೆಯಿಂದ ಪಾತ್ರೆಯ ಗಾಳಿ ತೆಗೆದು, ನೈಟ್ರೋಜನ್ ತುಂಬಿ, ಉಷ್ಣತೆ ನಿಲ್ಲಿಸಿ, ಮಧ್ಯಾಹ್ನ ಸಿರಿಂಜ್ ಒತ್ತಿದೆ. ಸೂಜಿಯ ತುದಿಯಲ್ಲಿ ಏನೋ ಕಟ್ಟಿಕೊಂಡಿತ್ತು. ಒಂದು ಸೆಕೆಂಡಿನಲ್ಲಿ ಹೋಗಬೇಕಾದ್ದು ಹನಿಹನಿಯಾಗಿ ಹತ್ತು ಸೆಕೆಂಡು ಹೋಯಿತು. ಚೊಕ್ಕ ಹಸಿರು ಬರಬೇಕಿತ್ತು, ಬಂದದ್ದು ಹಳಸಿದ ಸಾರಿನ ಬಣ್ಣ. ಮೂರು ದಿನದ ತಯಾರಿ ಒಂಬತ್ತು ಸೆಕೆಂಡಿನ ತಡಕ್ಕೆ ಹೋಯಿತು. ಅವತ್ತಿನಿಂದ ದಪ್ಪ ಸೂಜಿಯನ್ನೇ ಹುಡುಕುತ್ತೇನೆ.

ಗಾತ್ರ ಸರಿಯಾದರೂ ಇನ್ನೊಂದು ತಲೆನೋವು ಇದೆ. 2 ನ್ಯಾನೋಮೀಟರಿನ ಕಣದಲ್ಲಿ ಅರ್ಧಕ್ಕಿಂತ ಹೆಚ್ಚು ಪರಮಾಣುಗಳು ಮೇಲ್ಮೈಯಲ್ಲೇ ಇರುತ್ತವೆ. ಹೊರಗಡೆ ಅವುಗಳ ಕೈ ಹಿಡಿಯಲು ಯಾರೂ ಇಲ್ಲ. ಎಲೆಕ್ಟ್ರಾನ್ ಆ ಖಾಲಿ ಕೈಗಳಿಗೆ ಸಿಕ್ಕಿಬಿದ್ದರೆ ಬೆಳಕಾಗಬೇಕಾದ ಶಕ್ತಿ ಬರೀ ಬಿಸಿಯಾಗಿ ಹೋಗುತ್ತದೆ. ಬೇಯಿಸಿದ ಅಡಿಕೆಗೆ ಚೊಗರು ಹಚ್ಚಿದ ಹಾಗೆ ಕಣದ ಮೇಲೆ ಬೇರೊಂದು ವಸ್ತುವಿನ ಪದರ ಕೊಟ್ಟರೆ ಈ ತೊಂದರೆ ತಗ್ಗುತ್ತದೆ. 1996ರಲ್ಲಿ ಷಿಕಾಗೋದಲ್ಲಿ ಕ್ಯಾಡ್ಮಿಯಂ ಸೆಲೆನೈಡ್ ಮೇಲೆ ಸತುವಿನ ಸಲ್ಫೈಡ್ ಹೊದಿಸಿದರು. ನುಂಗಿದ ನೂರು ಬೆಳಕಿನ ಕಣಗಳಿಗೆ ಸುಮಾರು ಐವತ್ತು ವಾಪಸ್ ಬಂದವು. ಆ ಕಾಲಕ್ಕೆ ಅದು ದೊಡ್ಡ ಸುದ್ದಿ. ಚೊಗರು ಬರೀ ಹೊಳಪಿಗೆ ಇರಬಹುದು, ಇಲ್ಲಿ ಚೊಗರೇ ಅರ್ಧ ಪ್ರಾಣ.

ಈಗ ಮಗಳು ಹೇಳಿದ "ಅಣುವಿನ ಮಟ್ಟದ ಡಿಸೈನ್" ವಿಷಯ. ಇದಕ್ಕೆ ಉದಾಹರಣೆ ನಿಮ್ಮ ಮನೆಯ ಆರತಿ ತಟ್ಟೆಯಲ್ಲೇ ಇದೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಹೊಸ ಬಣ್ಣ ಯಾರೂ ಹಾಕಿಲ್ಲ. ಅರಿಶಿನದ ಕರ್ಕ್ಯುಮಿನ್ ಅಣುವಿನಲ್ಲಿ ಎರಡು ಉಂಗುರಗಳು, ನಡುವೆ ಏಳು ಇಂಗಾಲಗಳ ಸೇತುವೆ. ಎಲೆಕ್ಟ್ರಾನ್‌ಗಳು ಈ ಸೇತುವೆಯ ಮೇಲೆ ಹರಡಿಕೊಂಡಿರುತ್ತವೆ. ಸುಣ್ಣ ಆ ಅಣುವಿನಿಂದ ಒಂದು ಹೈಡ್ರೋಜನ್ ಕಿತ್ತುಕೊಂಡಾಗ ಎಲೆಕ್ಟ್ರಾನ್‌ಗಳಿಗೆ ಓಡಾಟ ಇನ್ನಷ್ಟು ಸಲೀಸಾಗುತ್ತದೆ. ಜಾಗ ಹೆಚ್ಚಿತು, ಸ್ವರ ಇಳಿಯಿತು. ಮೊದಲು ನೀಲಿ ಬೆಳಕನ್ನು ನುಂಗುತ್ತಿದ್ದ ಅಣು ಈಗ ಹಸಿರಿನ ಕಡೆಗೂ ಕೈಚಾಚುತ್ತದೆ, ನಮಗೆ ಕೆಂಪು ಕಾಣುತ್ತದೆ. ಅದೇ ಕೊಡದ ಲೆಕ್ಕ, ಕೊಡ ಮಾತ್ರ ಬೇರೆ. ಅಣುಗಳ ಡಿಸೈನ್ ಅಂದರೆ ಮುಕ್ಕಾಲು ಪಾಲು ಇಷ್ಟೇ: ಎಲೆಕ್ಟ್ರಾನಿಗೆ ಎಷ್ಟು ಜಾಗ, ಎಂಥ ಜಾಗ ಕೊಡಬೇಕು ಅಂತ ಗೊತ್ತುಮಾಡುವುದು. ಸೇತುವೆ ಉದ್ದ ಮಾಡಬಹುದು. ಒಂದು ತುದಿಗೆ ಎಲೆಕ್ಟ್ರಾನ್ ಕೊಡುವ ಗುಂಪು, ಇನ್ನೊಂದು ತುದಿಗೆ ಎಳೆದುಕೊಳ್ಳುವ ಗುಂಪು ಕಟ್ಟಬಹುದು. ಇಡೀ ಅಣುವನ್ನು ತಿರುಚಬಹುದು.

ತಿರುಚಿದ್ದಕ್ಕೆ ಒಂದು ಉದಾಹರಣೆ ಹೇಳುತ್ತೇನೆ, ನನಗೆ ತುಂಬಾ ಇಷ್ಟದ್ದು. ಮೊಬೈಲ್‌ಗಳಲ್ಲಿ ಓಎಲ್‌ಇಡಿ ಪರದೆ ಇರುತ್ತದಲ್ಲ, ಅದರಲ್ಲಿ ಇಂಗಾಲದ ಅಣುಗಳು ಕರೆಂಟ್ ಹರಿಸಿದರೆ ಬೆಳಗುತ್ತವೆ. ಸಮಸ್ಯೆ ಏನೆಂದರೆ ಕ್ವಾಂಟಮ್ ನಿಯಮದ ಪ್ರಕಾರ ಕರೆಂಟಿನಿಂದ ಚುರುಕಾದ ನಾಲ್ಕು ಅಣುಗಳಲ್ಲಿ ಒಂದು ಮಾತ್ರ ಸಲೀಸಾಗಿ ಬೆಳಕು ಕೊಡುತ್ತದೆ. ಉಳಿದ ಮೂರು ಇನ್ನೊಂದು ಸ್ಥಿತಿಯಲ್ಲಿ ಸಿಕ್ಕಿಕೊಂಡು ಬಿಸಿಯಾಗಿ ಆರಿಹೋಗುತ್ತವೆ. ನಾಲ್ಕು ಗೊನೆ ಇಳಿಸಿ ಮೂರನ್ನು ಹೊಳೆಗೆ ಬಿಟ್ಟಂತೆ. ಇರಿಡಿಯಂ ಎಂಬ ದುಬಾರಿ ಲೋಹ ಸೇರಿಸಿದರೆ ಆ ಮೂರೂ ಬೆಳಗುತ್ತವೆ ಅಂತ 90ರ ದಶಕದ ಕೊನೆಗೆ ಗೊತ್ತಾಯಿತು. ಲೋಹವೇ ಇಲ್ಲದೆ ಮಾಡಬಹುದಾ? ಜಪಾನಿನ ಕ್ಯೂಷು ವಿಶ್ವವಿದ್ಯಾಲಯದ ಚಿಹಾಯಾ ಅಡಾಚಿ ತಂಡ 2012ರಲ್ಲಿ ಮಾಡಿ ತೋರಿಸಿತು. ಸಿಕ್ಕಿಕೊಂಡ ಸ್ಥಿತಿಗೂ ಬೆಳಗುವ ಸ್ಥಿತಿಗೂ ನಡುವಿನ ಮೆಟ್ಟಿಲು ತೀರಾ ಚಿಕ್ಕದಾದರೆ, ಕೋಣೆಯ ಬಿಸಿಗೇ ಅಣು ಮೆಟ್ಟಿಲು ಹತ್ತಿ ಬಂದು ಬೆಳಗುತ್ತದೆ. ಮೆಟ್ಟಿಲು ಚಿಕ್ಕದಾಗಬೇಕಾದರೆ ಎಲೆಕ್ಟ್ರಾನ್ ಇರುವ ಜಾಗವೂ ಅದು ಬಿಟ್ಟುಬಂದ ಜಾಗವೂ ದೂರ ಇರಬೇಕು. ಅದಕ್ಕೆ ಅವರು ಒಂದೇ ಬೆಂಜೀನ್ ಉಂಗುರದ ಸುತ್ತ ನಾಲ್ಕು ದೊಡ್ಡ ಕಾರ್ಬಜೋಲ್ ಗುಂಪುಗಳನ್ನು ತುರುಕಿದರು. ನಮ್ಮ ಕಡೆಯ ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ವರು ಕೂತರೆ ಒಬ್ಬೊಬ್ಬರೂ ಓರೆಯಾಗಿ ಕೂರಲೇಬೇಕು. ಗುಂಪುಗಳೂ ಹಾಗೇ ಓರೆಯಾದವು, ನಡುವಿನ ಉಂಗುರದ ಜೊತೆಗಿನ ನಂಟು ಸಡಿಲವಾಯಿತು. ಇದು ಅದೃಷ್ಟ ಅಲ್ಲ. ಮೊದಲೇ ಲೆಕ್ಕ ಹಾಕಿ ಕಟ್ಟಿದ ಅಣು. ಆದರೂ ನೀಲಿ ಬಣ್ಣಕ್ಕೆ ಇಂಥ ಬಾಳಿಕೆ ಬರುವ ಅಣು ಕಟ್ಟುವುದು ಇವತ್ತಿಗೂ ಕಷ್ಟವೇ.

ಅದೃಷ್ಟದ ಪಾಲು ಇಲ್ಲವೇ ಇಲ್ಲ ಅಂತಲ್ಲ. ಜಪಾನಿನ ಹಿಡೆಕಿ ಶಿರಕಾವಾ ಅವರ ಪ್ರಯೋಗಾಲಯದಲ್ಲಿ ಒಬ್ಬರು ತಪ್ಪಿ ವೇಗವರ್ಧಕವನ್ನು ಸಾವಿರ ಪಟ್ಟು ಜಾಸ್ತಿ ಹಾಕಿದರು. ಕಪ್ಪು ಪುಡಿ ಬರುವ ಜಾಗದಲ್ಲಿ ಬೆಳ್ಳಿಯಂತೆ ಹೊಳೆಯುವ ಹಾಳೆ ಬಂತು. ಪ್ಲಾಸ್ಟಿಕ್‌ನ ಜಾತಿಯದೇ ಆದ ಆ ಹಾಳೆಗೆ ಅಯೋಡಿನ್ ಆವಿ ತಾಗಿಸಿದಾಗ ಕರೆಂಟ್ ಹರಿಯುವುದು ಕೋಟಿ ಪಟ್ಟು ಹೆಚ್ಚಿತು. ಇದು 1977ರ ಮಾತು. 2000ದಲ್ಲಿ ನೊಬೆಲ್ ಬಂತು. ತಪ್ಪು ಮಾಡಿದ್ದು ಆಕಸ್ಮಿಕ. ಆದರೆ ಹೊಳೆಯುವ ಹಾಳೆಯನ್ನು ತೊಟ್ಟಿಗೆ ಎಸೆಯದೆ ಇಟ್ಟುಕೊಂಡದ್ದು ಆಕಸ್ಮಿಕವಲ್ಲ.

ಅದೇ 1977ರಲ್ಲಿ ಬೆಂಗಳೂರಿನಲ್ಲೂ ಒಂದು ದೊಡ್ಡ ಕೆಲಸ ನಡೆಯಿತು. ನಮ್ಮವರೇ ಅದನ್ನು ಹೆಚ್ಚು ಹೇಳಿಕೊಳ್ಳುವುದಿಲ್ಲ. ದ್ರವದಂತೆ ಹರಿದರೂ ಹರಳಿನಂತೆ ಸಾಲುಗಟ್ಟುವ ವಸ್ತು ಲಿಕ್ವಿಡ್ ಕ್ರಿಸ್ಟಲ್. ಆವರೆಗೆ ಅದು ಅಂದರೆ ಕಡ್ಡಿಯಂಥ ಅಣುಗಳು ಅಂತಲೇ ಎಲ್ಲರ ಲೆಕ್ಕ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ತಟ್ಟೆಯಾಕಾರದ ಅಣುಗಳಿಂದಲೂ ಅದು ಆಗುತ್ತದೆ ಎಂದು ತೋರಿಸಿದರು. ಅಡಿಕೆ ಹಾಳೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಈ ಅಣುಗಳು ಕಂಬ ಕಟ್ಟಿಕೊಳ್ಳುತ್ತವೆ. ಸರಿಯಾದ ಅಣು ಆರಿಸಿಕೊಂಡರೆ ಕಂಬದ ಉದ್ದಕ್ಕೆ ಕರೆಂಟ್ ಸಲೀಸಾಗಿ ಹರಿಯುತ್ತದೆ, ಕಂಬದಿಂದ ಪಕ್ಕದ ಕಂಬಕ್ಕೆ ದಾಟುವುದು ಕಷ್ಟ. ಒಂದೊಂದು ಕಂಬವೂ ಅಣುವಿನಷ್ಟು ತೆಳ್ಳಗಿನ ವೈರ್. ಓರೆಯಿಂದ ನೋಡಿದರೂ ಬಣ್ಣ ಕೆಡದ ಎಲ್‌ಸಿಡಿ ಪರದೆಗಳಿಗಾಗಿ 90ರ ದಶಕದಲ್ಲಿ ಬಂದ ಫಿಲ್ಮ್‌ನಲ್ಲಿ ಬಳಕೆಯಾದದ್ದೂ ತಟ್ಟೆಯಾಕಾರದ ಅಣುಗಳೇ.

ಅಳತೆಯಿಂದ ಬಣ್ಣ ಬರುವುದಕ್ಕೆ ನವಿಲುಗರಿಯದು ಬೇರೆ ದಾರಿ. ಕೃಷ್ಣನ ಫೋಟೋಗೆ ಸಿಕ್ಕಿಸಿದ್ದು ಮನೆಯಲ್ಲಿದ್ದರೆ ಬೆಳಕಿಗೆ ಅಡ್ಡ ಹಿಡಿದು ನೋಡಿ, ಹಸಿರು ನೀಲಿ ಎಲ್ಲ ಹೋಗಿ ಕಂದು ಕಾಣುತ್ತದೆ. ಅಲ್ಲಿ ನೀಲಿ ಬಣ್ಣವೇ ಇಲ್ಲ. ಮೆಲನಿನ್ ಕಡ್ಡಿಗಳ ಜೋಡಣೆ ಇದೆ. ಕಡ್ಡಿಗಳ ನಡುವಿನ ಅಂತರ ಸುಮಾರು 140 ನ್ಯಾನೋಮೀಟರ್ ಇದ್ದಲ್ಲಿ ನೀಲಿ, 150 ಇದ್ದಲ್ಲಿ ಹಸಿರು. ನಮ್ಮ ರಾಜ್ಯದ ಹಕ್ಕಿ ನೀಲಕಂಠದ ಗರಿಯ ನೀಲಿಯನ್ನು ಸಿ.ವಿ. ರಾಮನ್ 1930ರ ದಶಕದಲ್ಲೇ ಬೆಂಗಳೂರಿನಲ್ಲಿ ಅಭ್ಯಾಸ ಮಾಡಿದ್ದರು. ಇನ್ನು ಚಿನ್ನ. 20 ನ್ಯಾನೋಮೀಟರಿನ ಚಿನ್ನದ ಕಣಗಳನ್ನು ನೀರಿನಲ್ಲಿ ತೇಲಿಸಿದರೆ ಮುರುಗಲ ಹಣ್ಣಿನ ಪಾನಕದಂತೆ ಕೆಂಪು. ಅಲ್ಲಿ ಇಕ್ಕಟ್ಟಿನ ಲೆಕ್ಕ ಅಲ್ಲ, ಎಲೆಕ್ಟ್ರಾನ್‌ಗಳೆಲ್ಲ ಒಟ್ಟಿಗೆ ತುಳುಕುವುದು. ಈ ಕೆಂಪು ಬರುವುದು ಚಿನ್ನದ ಅತಿಸಣ್ಣ ಕಣಗಳಿಂದಲೇ ಎಂದು 1857ರಲ್ಲೇ ಮೈಕಲ್ ಫ್ಯಾರಡೆ ಹೇಳಿದ್ದರು. ಕೋವಿಡ್ ಸಮಯದಲ್ಲಿ ಮನೆಯಲ್ಲೇ ಟೆಸ್ಟ್ ಮಾಡಿಕೊಂಡಿದ್ದರೆ ನೀವೂ ನೋಡಿದ್ದೀರಿ. ಅಂಥ ಹೆಚ್ಚಿನ ಕಿಟ್‌ಗಳ ಕೆಂಪು ಗೆರೆ ಚಿನ್ನದ್ದು.

ನಿಮ್ಮ ಟಿವಿಗೆ ಬರೋಣ. ಅದರ ಹಿಂದಿನ ದೀಪ ನೀಲಿ ಎಲ್‌ಇಡಿ. ದೀಪದ ಮುಂದೆ ಒಂದು ತೆಳು ಫಿಲ್ಮ್, ಅದರಲ್ಲಿ ಎರಡು ಅಳತೆಯ ಕಣಗಳು. ನೀಲಿಯನ್ನು ನುಂಗಿ ಒಂದು ಜಾತಿ ಹಸಿರು ಕೊಡುತ್ತದೆ, ಇನ್ನೊಂದು ಎಲೆ ಅಡಿಕೆ ಹಾಕಿದವರಂತೆ ಕೆಂಪು ಉಗುಳುತ್ತದೆ. ಉಳಿದ ನೀಲಿ ಹಾಗೇ ಮುಂದೆ ಬರುತ್ತದೆ. ಅಂಗಡಿಯ ಹುಡುಗ ಬಿಟ್ಟದ್ದು ಇಷ್ಟನ್ನೇ: ಈ ಕ್ವಾಂಟಮ್ ಡಾಟ್‌ಗಳು ತಾವಾಗಿ ಉರಿಯುವುದಿಲ್ಲ, ಹಿಂದಿನ ದೀಪದ ಬೆಳಕನ್ನೇ ಬಣ್ಣ ಬದಲಿಸಿ ಕೊಡುತ್ತವೆ.

ವಿಷದ ಮಾತು ಪೂರ್ತಿ ಗಾಳಿಸುದ್ದಿ ಅಲ್ಲ. ಕ್ಯಾಡ್ಮಿಯಂ ವಿಷವೇ. ಹಾಗಂತಲೇ ಹಲವು ಕಂಪನಿಗಳು ಇಂಡಿಯಂ ಫಾಸ್ಫೈಡ್ ಕಣಗಳಿಗೆ ಬದಲಾಗಿವೆ. ಯಾವುದೇ ಇದ್ದರೂ ಫಿಲ್ಮ್‌ನ ಎರಡೂ ಕಡೆ ಪ್ಲಾಸ್ಟಿಕ್ ಪದರ ಮುಚ್ಚಿರುತ್ತದೆ, ಟಿವಿ ನೋಡಿದರೆ ಏನೂ ಆಗುವುದಿಲ್ಲ. ತೊಂದರೆ ಇರುವುದು ಟಿವಿ ಕೆಟ್ಟ ಮೇಲೆ. ಹಿತ್ತಲಲ್ಲಿ ಹಾಕಿ ಸುಡಬೇಡಿ, ಒಡೆದು ತೋಟದ ಅಂಚಿಗೆ ಎಸೆಯಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ಸುಡಬೇಡಿ ಅನ್ನುವುದು ಹಳೆಯ ಟಿವಿಗೂ ಅನ್ವಯ, ಅದರಲ್ಲಿ ಸೀಸ ಇರುತ್ತದೆ.

ಮಗಳು ಓದಲಿ. ನನ್ನ ಒಂದೇ ತಕರಾರು: ಹೆಸರಿನಲ್ಲಿ "ನ್ಯಾನೋ" ಇದೆ ಅಂತ ಕೋರ್ಸ್ ಆರಿಸುವುದು ಬೇಡ. ಗಟ್ಟಿಯಾಗಿ ಕೆಮಿಸ್ಟ್ರಿ ಅಥವಾ ಫಿಸಿಕ್ಸ್ ಎಂ.ಎಸ್ಸಿ. ಮಾಡಲಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ನಿಮ್ಮ ಜಿಲ್ಲೆಯಲ್ಲೇ ಇದೆ. ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಂಥ ಕಡೆ ಸಮ್ಮರ್ ಫೆಲೋಶಿಪ್‌ಗೆ ಅರ್ಜಿ ಹಾಕಲಿ. ಎರಡು ತಿಂಗಳು ಗಾಜಿನ ಪಾತ್ರೆ ತೊಳೆದು ನೋಡಿದರೆ ಈ ಕೆಲಸ ತನಗೆ ಒಗ್ಗುತ್ತದಾ ಇಲ್ಲವಾ ಅಂತ ಅವಳಿಗೇ ಗೊತ್ತಾಗುತ್ತದೆ.

ಅಲ್ಲಿಯವರೆಗೆ ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಖೋಟಾ ನೋಟು ನೋಡುವ ನೇರಳೆ ಟಾರ್ಚ್ ಒಂದು ತರಿಸಿ. ನಾಲ್ಕು ವೀಳ್ಯದೆಲೆ ಜಜ್ಜಿ, ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕಾಲು ಗಂಟೆ ನೆನೆಸಿ, ಬಟ್ಟೆಯಲ್ಲಿ ಸೋಸಿ. ಕಡುಹಸಿರು ರಸ ಬರುತ್ತದೆ. ಇನ್ನೊಂದು ಲೋಟದಲ್ಲಿ ಸ್ಪಿರಿಟ್‌ಗೆ ಚಿಟಿಕೆ ಅರಿಶಿನ. ರಾತ್ರಿ ದೀಪ ಆರಿಸಿ ಎರಡಕ್ಕೂ ಟಾರ್ಚ್ ಬಿಡಿ. ಅರಿಶಿನದ್ದು ಹಸಿರು ಮಿಶ್ರಿತ ಹಳದಿಯಾಗಿ ಬೆಳಗುತ್ತದೆ. ಹಸಿರು ಎಲೆಯ ರಸ ರಕ್ತಗೆಂಪು ಬೆಳಕು ಕೊಡುತ್ತದೆ. ಟಿವಿಯ ಫಿಲ್ಮ್ ಮಾಡುವ ಕೆಲಸವನ್ನೇ ಇಲ್ಲಿ ಎಲೆಯ ಪತ್ರಹರಿತ್ತು ಮಾಡುತ್ತಿರುತ್ತದೆ. ಟಾರ್ಚನ್ನು ಕಣ್ಣಿಗೆ ಬಿಡಬೇಡಿ. ಸ್ಪಿರಿಟ್ ಬೇಗ ಬೆಂಕಿ ಹಿಡಿಯುತ್ತದೆ, ಒಲೆಯ ಹತ್ತಿರ ಬೇಡ, ದೇವರ ದೀಪದ ಹತ್ತಿರವೂ ಬೇಡ.